ಬ್ಲ್ಯಾಕ್ ಫ್ಲ್ಯಾಗ್: ಮುತ್ಯಾನ ಜೊತೆ ಹಡಗು ನಡೆಸಿದ ಬೇಸಿಗೆ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹನ್ನೊಂದು ಗಂಟೆ ದಾಟಿದ ಮೇಲೆ ಹೊರಗೆ ಕಾಲಿಡೋಕೆ ಆಗಲ್ಲ. ಆ ಮಧ್ಯಾಹ್ನಗಳಲ್ಲೇ ನಾನು 'ಅಸಾಸಿನ್ಸ್ ಕ್ರೀಡ್ 4: ಬ್ಲ್ಯಾಕ್ ಫ್ಲ್ಯಾಗ್' ಆಡಿದೆ. 2013ರ ಆಟ. ನನ್ನ ಹಳೇ ಕಂಪ್ಯೂಟರಿನಲ್ಲೂ ಚೆನ್ನಾಗಿ ಓಡಿತು. ಕೂಲರ್ ಮುಂದೆ ಮಲಗಿದ್ದ ನಮ್ಮ ಮುತ್ಯಾ ಎರಡನೇ ದಿನ ಎದ್ದು ಬಂದು ನನ್ನ ಪಕ್ಕದಲ್ಲೇ ಕೂತ.

ಕಥೆ 1715ರಲ್ಲಿ, ಕೆರಿಬಿಯನ್ ಸಮುದ್ರದಲ್ಲಿ ಶುರುವಾಗುತ್ತದೆ. ವೇಲ್ಸ್‌ನ ಎಡ್ವರ್ಡ್ ಕೆನ್‌ವೇ ದುಡ್ಡು ಮಾಡಬೇಕೆಂದು ಹೊರಟು ಕಡಲ್ಗಳ್ಳನಾಗಿದ್ದಾನೆ. ಹವಾನಾ, ಕಿಂಗ್‌ಸ್ಟನ್, ನಸಾವ್ ಊರುಗಳಲ್ಲಿ ಓಡಾಡಬಹುದು. ಬ್ಲ್ಯಾಕ್‌ಬಿಯರ್ಡ್, ಆನ್ ಬಾನಿಯಂಥ ಆ ಕಾಲದ ನಿಜವಾದ ಕಡಲ್ಗಳ್ಳರೂ ಸಿಗುತ್ತಾರೆ. ಆದರೆ ನನಗೆ ಈ ಆಟ ಅಂದ್ರೆ ಜಾಕ್‌ಡಾ, ಎಡ್ವರ್ಡನ ಹಡಗು. ಅದು ಕೈಗೆ ಬರೋವರೆಗೆ ಸ್ವಲ್ಪ ತಾಳ್ಮೆ ಇರಲಿ.

ಹಾಯಿ ಪೂರ್ತಿ ಬಿಚ್ಚಿದರೆ ಹಡಗಿನ ಆಳುಗಳು ಹಾಡೋಕೆ ಶುರು ಮಾಡುತ್ತಾರೆ. ಊರುಗಳಲ್ಲಿ ಗಾಳಿಗೆ ಹಾರುವ ಹಾಡಿನ ಹಾಳೆಗಳನ್ನು ಬೆನ್ನಟ್ಟಿ ಹಿಡಿದರೆ ಹೊಸ ಹಾಡು. ನಾನು ಎಷ್ಟೋ ಸಲ ಯಾವ ಕೆಲಸವೂ ಇಲ್ಲದೆ, ಆ ಹಾಡು ಮುಗಿಯಲಿ ಅಂತ ಸುಮ್ನೆ ಚುಕ್ಕಾಣಿ ಹಿಡಿದು ಹೋಗಿದ್ದೇನೆ. ದೂರದಲ್ಲಿ ತಿಮಿಂಗಿಲ ಮೇಲೆ ಹಾರಿ ಬೀಳುತ್ತೆ. ಮುತ್ಯಾ ಸಮುದ್ರ ನೋಡಿದವನಲ್ಲ. ಭೀಮಾ ಹೊಳೆ ತುಂಬಿದಾಗ ತೆಪ್ಪದಲ್ಲಿ ದಾಟಿದವನು. ಬಿರುಗಾಳಿ ಎದ್ದು ದೊಡ್ಡ ಅಲೆ ಬಂದಾಗ ಅವನೇ ಕೂಗಿದ, "ಅಡ್ಡ ನಿಲ್ಲಬ್ಯಾಡೋ, ಅಲೀ ಕಡಿ ಮಾರಿ ಮಾಡು!" ಆಟದ ನಿಯಮವೂ ಅದೇ. ಅಲೆಗೆ ನೇರ ಮೂತಿ ಕೊಟ್ಟು ನುಗ್ಗಬೇಕು. ಅಡ್ಡ ಸಿಕ್ಕರೆ ಹಡಗಿಗೆ ಜೋರು ಪೆಟ್ಟು. ಇಂಗ್ಲಿಷ್ ಒಂದಕ್ಷರ ಬಾರದ ಮುತ್ಯಾನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕಾದಾಟದಲ್ಲೂ ಲೆಕ್ಕಾಚಾರ ಇದೆ. ಮೊದಲು ದುರ್ಬೀನಿನಲ್ಲಿ ನೋಡಿ. ಎದುರಿನ ಹಡಗಿನಲ್ಲಿ ಸಕ್ಕರೆ, ರಮ್, ಮರ, ಬಟ್ಟೆ, ಲೋಹ ಎಷ್ಟಿದೆ ಅಂತ ಕಾಣುತ್ತೆ. ಮುಂದಿನಿಂದ ಸರಪಳಿ ಗುಂಡು, ಪಕ್ಕದಿಂದ ತೋಪುಗಳ ಸಾಲು, ಹಿಂದೆ ಬೆಂಕಿ ಪೀಪಾಯಿ. ಮುಳುಗಿಸಿಬಿಟ್ಟರೆ ಸರಕು ಕಡಿಮೆ ಸಿಗುತ್ತೆ. ಓಡದಂತೆ ಮಾಡಿ, ಆ ಹಡಗಿನ ಮೇಲೆ ಹತ್ತಿ, ಗೆಲ್ಲಬೇಕು. ಆಮೇಲೆ ಆ ಹಡಗಿನಿಂದ ಜಾಕ್‌ಡಾ ರಿಪೇರಿ ಮಾಡಿಕೊಳ್ಳಬಹುದು, ಇಲ್ಲವೇ ಅದನ್ನು ನಿಮ್ಮ ಪಡೆಗೆ ಸೇರಿಸಬಹುದು. ನಮ್ಮ ಕೋಟೆಯ ಉದ್ದ ತೋಪಿನ ಮೇಲೆ ಹತ್ತಿ ಕೂತು ಬೆಳೆದವನು ನಾನು. ಒಂದೊಂದು ಕಡೆಯ ತೋಪುಗಳೆಲ್ಲ ಒಟ್ಟಿಗೆ ಸಿಡಿದಾಗ ಮೈ ಜುಮ್ ಅಂತು.

ನೆಲದ ಮೇಲಿನ ಕೆಲಸಗಳು ಇಷ್ಟು ಹಿಡಿಸಲಿಲ್ಲ. ಯಾರದೋ ಹಿಂದೆ ಕದ್ದು ಹೋಗಿ ಮಾತು ಕೇಳಿಸಿಕೊಳ್ಳುವುದು ಜಾಸ್ತಿ. ಸ್ವಲ್ಪ ಹಿಂದೆ ಬಿದ್ದರೂ ಮತ್ತೆ ಮೊದಲಿಂದ. ಈ ಕಾಲದ ಕಚೇರಿಯೊಂದರಲ್ಲಿ ನಡೆಯುವ ಭಾಗಗಳೂ ಇವೆ. ಒಳ್ಳೇ ಗಾಳಿ ಹಿಡಿದು ಹೋಗುತ್ತಿರುವಾಗ ಅಲ್ಲಿಗೆ ಎಳೆದುಕೊಂಡು ಹೋದರೆ ಬೇಜಾರಾಗುತ್ತೆ, ಅಲ್ವಾ?

ಹಡಗಿನ ಮೈಗೆ ಲೋಹ ಮೊದಲು ಹಾಕಿಸಿ. ನಕಾಶೆಯ ನಾಲ್ಕು ಮೂಲೆಗಳಲ್ಲಿ ಭಾರೀ ಹಡಗುಗಳು ಕಾಯುತ್ತಿವೆ, ಒಂದು ಕಡೆಯಂತೂ ಎರಡು ಜೋಡಿಯಾಗಿ ಬರುತ್ತವೆ. ಆ ಜೋಡಿಗೆ ನಾನು ಆರು ಸಲ ಸೋತಿದ್ದೇನೆ. ಇವತ್ತು ಊಟ ಆದ ಮೇಲೆ ಮತ್ತೆ ಹೋಗಬೇಕು. ಮುತ್ಯಾ ಆಗಲೇ ಕುರ್ಚಿ ಎಳೆದುಕೊಂಡಿದ್ದಾನೆ.