ಜಿಪ್ಪಿನ ಸದ್ದು, ಕುಕ್ಕರ್ ಕೂಗು, ಗಿರಾಕಿಯ ದನಿ: ಹೊಲಿಗೆ ಅಂಗಡಿಯ ರಿಂಗ್‌ಟೋನ್ ಪ್ರಯೋಗ

ಶ್ರಾವಣ ಶುರುವಾದರೆ ನನ್ನ ಫೋನಿಗೆ ಬಿಡುವಿಲ್ಲ. ವರಮಹಾಲಕ್ಷ್ಮಿ, ಅದರ ಬೆನ್ನಿಗೆ ಗೌರಿ, ಆಮೇಲೆ ದಸರಾ. ಶಿವಮೊಗ್ಗದ ವಿನೋಬನಗರದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಕಳೆದ ಶ್ರಾವಣದ ಒಂದು ಮಧ್ಯಾಹ್ನ ಮೈಸೂರ್ ಸಿಲ್ಕ್ ಬ್ಲೌಸ್ ಪೀಸಿನ ಮೇಲೆ ಕತ್ತರಿ ಆಡಿಸುತ್ತಿದ್ದೆ, ಫೋನ್ ಬಡಿದುಕೊಂಡಿತು. ಬಟ್ಟೆಯಿಂದ ಕಣ್ಣು ತೆಗೆಯದೆ ಸ್ಪೀಕರ್ ಒತ್ತಿದೆ. "ಅಕ್ಕಾ, ನಂದು ಆಯ್ತಾ?" ಅಂತ ಒಂದು ದನಿ. "ಆಗಿದೆ ಮೇಡಂ, ಹುಕ್ಸ್ ಒಂದು ಬಾಕಿ, ಸಂಜೆ ಬನ್ನಿ" ಅಂದೆ. ಸಂಜೆ ಬಂದವರು ನಾನು ಅಂದುಕೊಂಡವರಲ್ಲ. ಬಂದವರ ಪೀಸು ಇನ್ನೂ ಕವರಿನೊಳಗೇ ಇತ್ತು, ಲೈನಿಂಗ್ ಕೂಡ ನೆನೆಸಿರಲಿಲ್ಲ.

ಅವತ್ತು ರಾತ್ರಿ ಕೂತು ಯೋಚಿಸಿದೆ. ಫೋನ್ ಮಾಡಿದ್ದು ಯಾರು ಅಂತ ತಿಳಿದರೆ ನನಗೆ ಸಾಲದು. ಅವರ ಜೊತೆ ಹೋದ ಸಲ ಏನು ಮಾತಾಗಿತ್ತು ಅನ್ನುವುದು ಫೋನ್ ಎತ್ತುವ ಮೊದಲೇ ತಲೆಗೆ ಬರಬೇಕು. ತೋಳು ಉದ್ದ ಅಂದಿದ್ದರೋ, ಲೈನಿಂಗ್ ತಾವೇ ತರುತ್ತೇನೆ ಅಂದಿದ್ದರೋ, ನಾನು ಯಾವ ವಾರ ಅಂತ ಬಾಯಿಬಿಟ್ಟಿದ್ದೆನೋ. ಕೈ ಎರಡೂ ಬಟ್ಟೆಯ ಮೇಲಿರುವಾಗ ಸ್ಕ್ರೀನ್ ನೋಡುವ ಪ್ರಶ್ನೆಯೇ ಇಲ್ಲ, ಕಿವಿಗೆ ಬರಬೇಕು. ಹಾಗೆ ಶ್ರಾವಣದಿಂದ ದೀಪಾವಳಿವರೆಗೆ ನಾಲ್ಕು ಥರ ಮಾಡಿ ನೋಡಿದೆ.

ಮೊದಲೇ ಒಂದು ಮಾತು. ನಮ್ಮ ಕಡೆ ಎಷ್ಟೋ ಜನ ರಿಂಗ್‌ಟೋನಿಗೂ ಕಾಲರ್ ಟ್ಯೂನ್ ಅಂತಲೇ ಅನ್ನುತ್ತಾರೆ. ಕಾಲರ್ ಟ್ಯೂನ್ ನನಗೆ ಫೋನ್ ಮಾಡಿದವರ ಕಿವಿಗೆ ಬೀಳುವುದು, ಅದು ಕಂಪನಿಯ ನೆಟ್‌ವರ್ಕಿನಿಂದ ಬರುತ್ತದೆ. 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸುತ್ತಿತ್ತಲ್ಲ, ಅದು. ನಾನು ಹೇಳುತ್ತಿರುವುದು ನನ್ನ ಫೋನಿನಲ್ಲಿ ಬಡಿಯುವುದರ ಬಗ್ಗೆ. ಆಂಡ್ರಾಯ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇಡುವುದು ಸುಲಭ: ನನ್ನ ಫೋನಿನಲ್ಲಿ ಆ ಹೆಸರು ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿದರೆ 'ಸೆಟ್ ರಿಂಗ್‌ಟೋನ್' ಸಿಗುತ್ತದೆ. ನಂಬರ್ ಸಿಮ್‌ನಲ್ಲಿ ಉಳಿಸಿದ್ದರೆ ಆಗುವುದಿಲ್ಲ, ಫೋನಿಗೋ ಗೂಗಲ್ ಅಕೌಂಟಿಗೋ ಸೇರಿಸಬೇಕು. ನನ್ನ ಹಳೇ ಗಿರಾಕಿಗಳಲ್ಲಿ ಅರ್ಧ ಜನ ಸಿಮ್ಮಿನಲ್ಲೇ ಕೂತಿದ್ದರು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಶುರು ಮಾಡಿದ್ದು ರಾಗದಿಂದ. ಹನ್ನೆರಡು ಜನಕ್ಕೆ ಹನ್ನೆರಡು ವಾದ್ಯದ ತುಣುಕು: ಒಬ್ಬರಿಗೆ ಕೊಳಲು, ಒಬ್ಬರಿಗೆ ವೀಣೆ, ಲೈನಿಂಗ್ ಅಂಗಡಿಯವರಿಗೆ ಡೊಳ್ಳು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತಿದ್ದೆ, ಹಾಗಾಗಿ ಇದೇ ಗೆಲ್ಲುತ್ತದೆ ಅಂತ ಭಾರಿ ನಂಬಿಕೆ. ನಮ್ಮ ಮೈದುನನ ಹತ್ತಿರ ನೋಕಿಯಾ 3310 ಇದ್ದ ಕಾಲದಲ್ಲಿ ಅದರ ಕಂಪೋಸರ್ ನನ್ನ ಆಟಿಕೆ. 1ರಿಂದ 7ರವರೆಗೆ ಒಂದೊಂದಾಗಿ ಒತ್ತಿದರೆ ಸರಿಗಮಪದನಿ, ಶಂಕರಾಭರಣದ ಆರೋಹಣ ಹಾಗೇ ಬರುತ್ತಿತ್ತು. ಆದರೆ ಈ ಸಲ ಲೆಕ್ಕ ತಪ್ಪಿತು. ಐದು ಜನರ ತನಕ ನೆನಪು ನಿಂತಿತು. ಆಮೇಲೆ ಕೊಳಲು ಯಾರದು, ಕ್ಲಾರಿಯೊನೆಟ್ ಯಾರದು ಅಂತ ಯೋಚಿಸುವಷ್ಟರಲ್ಲಿ ಕಾಲ್ ಕಟ್ ಆಗುತ್ತಿತ್ತು. ಸರಿಯಾಗಿ ಗುರುತು ಹಿಡಿದಾಗಲೂ ಸಿಕ್ಕಿದ್ದು ಆಸಾಮಿ ಮಾತ್ರ, ಆಡಿದ ಮಾತಲ್ಲ. ವೀಣೆ ಬಾರಿಸಿದರೆ "ಬ್ಯಾಂಕ್ ಮೇಡಂ" ಅಂತ ಗೊತ್ತಾಯಿತು, ಅವರು ಬೋಟ್‌ನೆಕ್ ಅಂದಿದ್ದರೋ ಕಾಲರ್ ಅಂದಿದ್ದರೋ ವೀಣೆಗೆ ಹೇಗೆ ಗೊತ್ತು?

ತಂಗಿಯ ಮಗ ಬೆಂಗಳೂರಿನಲ್ಲಿ ಡಿಸೈನ್ ಓದುತ್ತಿದ್ದಾನೆ. ಹಬ್ಬಕ್ಕೆ ಬಂದವನು ನನ್ನ ಪಾಡು ನೋಡಿ ನಕ್ಕ. "ದೊಡ್ಡಮ್ಮ, ನೀವು ಮಾಡಿರೋದು ಇಯರ್‌ಕಾನ್. ಅರ್ಥ ಇಲ್ಲದ ಸ್ವರಕ್ಕೆ ಅರ್ಥ ಅಂಟಿಸೋದು, ಬಾಯಿಪಾಠ ಮಾಡ್ಲೇಬೇಕು" ಅಂದ. ಇದರ ಬಗ್ಗೆ ಮೀರಾ ಬ್ಲಾಟ್ನರ್ ಮತ್ತೆ ಅವರ ಜೊತೆಯವರು 1989ರಲ್ಲೇ ಬರೆದಿದ್ದಾರಂತೆ. ಅದಕ್ಕೂ ಮೂರು ವರ್ಷ ಮೊದಲು, 1986ರಲ್ಲಿ, ವಿಲಿಯಂ ಗೇವರ್ ಅನ್ನುವವರು ಇನ್ನೊಂದು ದಾರಿ ಹೇಳಿದ್ದರಂತೆ: ಲೋಕದಲ್ಲಿ ನಿಜವಾಗಿ ಆಗುವ ಸದ್ದನ್ನೇ ಬಳಸುವುದು, ಆಗ ಪಾಠ ಮಾಡುವ ಕೆಲಸವಿಲ್ಲ. ಅವರು ಬರೆದದ್ದು ಕಂಪ್ಯೂಟರಿನ ಬಗ್ಗೆ. ನಾನು ಅದನ್ನು ಟೈಲರಿಂಗ್‌ಗೆ ಇಳಿಸಿದೆ.

ಎರಡನೆಯ ಪ್ರಯೋಗ ನನಗೆ ತುಂಬಾ ಹಿಡಿಸಿದ್ದು ಇದಕ್ಕೇ, ಇದರಲ್ಲಿ ನನ್ನ ಕೈಗೆಲಸವೂ ಇತ್ತು. ಒಬ್ಬ ಲೆಕ್ಚರರ್ ಮೇಡಂ ಇದ್ದಾರೆ. ಹಿಂದೆ ಜಿಪ್ ಬೇಡ, ಕೈ ಎಟುಕುವುದಿಲ್ಲ, ಪಕ್ಕಕ್ಕೆ ಹಾಕಿ ಅಂತ ಮೂರು ಸಲ ಹೇಳಿದ್ದರು. ಮೂರು ಸಲವೂ ನಾನು ಹಿಂದೆಯೇ ಹಾಕಿ ಬಿಚ್ಚಿದ್ದೆ. ಅವರಿಗೆ ಜಿಪ್ಪಿನ ಸದ್ದನ್ನೇ ಇಟ್ಟೆ. ಒಂದು ಗಟ್ಟಿ ಬ್ಯಾಗಿನ ಜಿಪ್ ಹುಡುಕಿ, ಫೋನಿನ ಮೈಕನ್ನು ಅದಕ್ಕೆ ಅಂಟಿಸಿದ ಹಾಗೆ ಹಿಡಿದು, ರೆಕಾರ್ಡರ್ ಆನ್ ಮಾಡಿ, ಸರ್ರನೆ ಎಳೆದೆ. ಮೊದಲ ಸಲ ಸೀಲಿಂಗ್ ಫ್ಯಾನಿನ ಗಾಳಿಯೇ ಜಾಸ್ತಿ ಬಂತು. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಆರನೆಯ ಸಲಕ್ಕೆ ಸರಿಯಾಯಿತು. ಒಂದೇ ಎಳೆತಕ್ಕೆ ಯಾರ ಕಿವಿಗೂ ಬೀಳುವುದಿಲ್ಲ, ಹುಡುಗ ಅದನ್ನೇ ಎಂಟು ಸಲ ಜೋಡಿಸಿ ಕೊಟ್ಟ. ಮುಂದಿನ ವಾರ ಮೇಡಂ ಫೋನ್ ಬಂತು. ಸರ್ರ್, ಸರ್ರ್ ಅಂದಿದ್ದೇ ತಡ, ನನ್ನ ಕೈ ತಾನಾಗಿ ಸೊಂಟದ ಪಕ್ಕಕ್ಕೆ ಹೋಯಿತು! ಅವರ ಕುರ್ತಾದ ಪಕ್ಕದ ಹೊಲಿಗೆ ಕಣ್ಣಿಗೆ ಕಟ್ಟಿತು. ಹೆಸರು ಆಮೇಲೆ ಬಂತು.

ಗಾಂಧಿ ಬಜಾರಿನಿಂದ ನನಗೆ ಸಾಮಾನು ತಂದುಕೊಡುವ ಆಟೋ ಅಣ್ಣನಿಗೆ ಆಟೋ ಹಾರ್ನ್. ಮಾತಾಡುವಾಗ ಗಾಜಿನ ಬಳೆ ಸದ್ದು ಮಾಡುವ ಆಂಟಿಗೆ ಬಳೆ. ಇವೆರಡೂ ಸಲೀಸಾಗಿ ನಡೆದವು. ಕೆಟ್ಟಿದ್ದು ಸಾಗರದ ಅಕ್ಕನ ವಿಷಯದಲ್ಲಿ. ಅಕ್ಕ ಫೋನ್ ಮಾಡುವುದೇ ಅಡುಗೆ ಹೊತ್ತಿಗೆ. "ತಡಿ, ಮೂರ್ ಕೂಗಾಯ್ತು, ಇಡ್ತೀನಿ" ಅಂತಲೇ ಮಾತು ಮುಗಿಸುತ್ತಾಳೆ. ಅವಳಿಗೆ ಕುಕ್ಕರ್ ಕೂಗನ್ನು ಇಡದೆ ಇನ್ನೇನು ಇಡಲಿ? ಮೊದಲ ದಿನ ನಮ್ಮ ಅತ್ತೆ ಪೂಜೆ ಬಿಟ್ಟು ಎದ್ದು ಹೋಗಿ ಗ್ಯಾಸ್ ಆರಿಸಿ ಬಂದರು. ಒಲೆಯ ಮೇಲೆ ಇದ್ದದ್ದು ಹಾಲು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕೂಗಿದ್ದು ನಿಜವಾದ ಕುಕ್ಕರು. ಅತ್ತೆ ಕೂತಲ್ಲಿಂದಲೇ "ನಿಮ್ಮಕ್ಕನ ಫೋನು, ಎತ್ತಮ್ಮ" ಅಂದರು, ನಾನು "ಆಮೇಲೆ ಮಾಡ್ತೀನಿ" ಅಂದೆ. ತೊಗರಿಬೇಳೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಮನೆಯಲ್ಲಿ ದಿನಾ ಕೇಳುವ ಸದ್ದನ್ನು ರಿಂಗ್‌ಟೋನ್ ಮಾಡಬಾರದು ಅಂತ ಯಾವ ಪ್ರಬಂಧದಲ್ಲಿ ಬರೆದಿದ್ದರೋ ಇಲ್ಲವೋ, ನಮ್ಮತ್ತೆ ಖಂಡಿತ ಹೇಳಿದರು.

ಮೂರನೆಯದು ಗಿರಾಕಿಯದೇ ದನಿ. ಕಾಲ್ ರೆಕಾರ್ಡಿಂಗ್ ತಂಟೆಗೆ ನಾನು ಹೋಗಲಿಲ್ಲ. ಗೂಗಲ್ ಫೋನ್ ಆ್ಯಪ್ ರೆಕಾರ್ಡ್ ಮಾಡಿದರೆ ಎರಡೂ ಕಡೆ ಸಾರಿ ಹೇಳುತ್ತದೆ, ಅದನ್ನು ಕೇಳಿದ ಮೇಲೆ ಯಾರ ಬಾಯಿಂದ ಸಹಜವಾಗಿ ಮಾತು ಬಂದೀತು? ವಾಟ್ಸಾಪಿನಲ್ಲಿ ಅವರೇ ಕಳಿಸಿದ ವಾಯ್ಸ್ ಮೆಸೇಜುಗಳಿದ್ದವು, ಅದರಿಂದ ಐದಾರು ಸೆಕೆಂಡ್ ಕತ್ತರಿಸಿ ಇಟ್ಟೆವು. "ಅಕ್ಕಾ, ಕೊರಳು ಜಾಸ್ತಿ ಇಳಿಸ್ಬೇಡಿ ಪ್ಲೀಸ್." "ಶುಕ್ರವಾರ ಬೇಕೇ ಬೇಕು." ನೆನಪಿನ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ದನಿ ಕೇಳಿದ ಕೂಡಲೇ ಅವರ ಸೀರೆಯ ಬಣ್ಣ, ಬಾರ್ಡರು, ಅಡ್ವಾನ್ಸ್ ಕೊಟ್ಟ ನೋಟು, ಎಲ್ಲ ಒಟ್ಟಿಗೆ ಎದುರಿಗೆ ಬರುತ್ತದೆ. ಜಿಪ್ಪಿನ ಸದ್ದಿಗೆ ಒಂದು ಸಂಗತಿ ನೆನಪಾದರೆ ದನಿಗೆ ಅವತ್ತಿನ ಇಡೀ ಮಾತುಕತೆ.

ಇಷ್ಟು ಚೆನ್ನಾಗಿದ್ದೂ ಇದನ್ನು ಕೈಬಿಟ್ಟೆ. ಒಂದು ಕಾರಣ ಆ ಶನಿವಾರ. ನಮ್ಮ ಬೀದಿಯ ಸೊಸೆಯೊಬ್ಬಳು ಕಳಿಸಿದ್ದ ಮೆಸೇಜು: "ಅಕ್ಕಾ, ಆರಿ ವರ್ಕಿನ ರೇಟು ನಮ್ಮತ್ತೆಗೆ ಹೇಳ್ಬೇಡಿ, ಐನೂರು ಅಂತಷ್ಟೇ ಹೇಳಿ." ಮರೆತು ನಿಜ ಬಾಯಿಬಿಟ್ಟೇನು ಅಂತ ಅದನ್ನೇ ಅವಳ ರಿಂಗ್‌ಟೋನ್ ಮಾಡಿದ್ದೆ. ಅವಳ ಅತ್ತೆ ಫಾಲ್ಸ್ ಹಾಕಿಸಲು ಬಂದು ಎದುರಿನ ಸ್ಟೂಲ್ ಮೇಲೆ ಕೂತಿದ್ದಾಗ ಫೋನ್ ಬಂತು. ಮಷಿನ್ ಸದ್ದು ಮೀರಲಿ ಅಂತ ವಾಲ್ಯೂಮ್ ಪೂರ್ತಿ ಇಟ್ಟಿದ್ದೆ. ನಾನು ಫೋನಿನ ಮೇಲೆ ಬಿದ್ದು ಹಿಡಿಯುವಷ್ಟರಲ್ಲಿ "ಹೇಳ್ಬೇಡಿ" ದಾಟಿ "ಐನೂರು"ವರೆಗೆ ಬಂದಾಗಿತ್ತು. ಆ ಹಿರಿಯರು ಏನೂ ಅನ್ನಲಿಲ್ಲ. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಗೋಡೆಗೆ ನೇತುಹಾಕಿದ್ದ ಆರಿ ಬ್ಲೌಸನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವತ್ತೇ ರಾತ್ರಿ ಆ ಹುಡುಗಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಉಳಿದವರಿಗೂ ನಿಮ್ಮ ದನಿ ಇಟ್ಟುಕೊಳ್ಳಲೇ ಅಂತ ಕೇಳಿದೆ. ಇಬ್ಬರು ನಕ್ಕು ಸರಿ ಅಂದರು, ಒಬ್ಬರು ಬೇಡವೇ ಬೇಡ ಅಂದರು. ಅದನ್ನು ಮೊದಲೇ ಕೇಳಬೇಕಿತ್ತು.

ಎರಡನೆಯ ಕಾರಣ ನಿಧಾನಕ್ಕೆ ಗೊತ್ತಾಯಿತು. ಕೊರಳು ಇಳಿಸಬೇಡಿ ಅಂದವರ ಬ್ಲೌಸ್ ಕೊಟ್ಟಾಯಿತು, ಹಾಕಿಕೊಂಡು ಫೋಟೋ ಕಳಿಸಿದರು, ಮಗಳ ಲಂಗಕ್ಕೆ ಅಳತೆಯೂ ಕೊಟ್ಟು ಹೋದರು. ಫೋನು ಮಾತ್ರ ಇನ್ನೂ ಕೊರಳು ಇಳಿಸಬೇಡಿ ಅನ್ನುತ್ತಿತ್ತು. ಇನ್ನೊಬ್ಬರು ಒಮ್ಮೆ ಸಿಟ್ಟಿನಲ್ಲಿ "ಇದೇನಕ್ಕಾ ಹೀಗ್ ಹೊಲ್ದಿದೀರಾ" ಅಂದಿದ್ದರು. ಆ ತಪ್ಪು ಮತ್ತೆ ಆಗದಿರಲಿ ಅಂತ ಅದನ್ನೇ ಇಟ್ಟಿದ್ದೆ. ತಪ್ಪು ತಿದ್ದಿದೆ, ಅವರೂ ಮರೆತರು. ಆಮೇಲೆ ಅವರು ಫೋನ್ ಮಾಡಿದ್ದು ಮಗನ ಮದುವೆಗೆ ಕರೆಯಲು. ಅವತ್ತೂ ನನ್ನ ಎದೆ ಧಸಕ್ ಅಂದಿದ್ದು ಆ ಹಳೇ ಬೈಗುಳಕ್ಕೆ. ಜನ ಮುಂದೆ ಹೋಗಿರುತ್ತಾರೆ, ಟೋನು ಮಾತ್ರ ನಾವು ಇಟ್ಟ ದಿನದಲ್ಲೇ ಕೂತಿರುತ್ತದೆ. ನನಗೆ ಬೇಕಿದ್ದದ್ದು ಕೊನೆಯ ಮಾತು, ದನಿಯಲ್ಲಿ ಸಿಗುತ್ತಿದ್ದದ್ದು ಯಾವತ್ತಿನದೋ ಒಂದು ಮಾತು. ಪ್ರತಿ ಸಲ ಹೊಸದು ಕತ್ತರಿಸೋಣ ಅಂದರೆ ಒಂದಕ್ಕೆ ಹತ್ತು ನಿಮಿಷ. ಹಬ್ಬದ ವಾರದಲ್ಲಿ ಹತ್ತು ನಿಮಿಷಕ್ಕೆ ಎರಡು ಸೀರೆಗೆ ಪಿಕೋ ಹೊಡೆಯಬಹುದು.

ನಾಲ್ಕನೆಯದರಲ್ಲಿ ರಿಂಗ್‌ಟೋನೇ ಇಲ್ಲ ಅನ್ನಬಹುದು. ಗೂಗಲ್ ಫೋನ್ ಆ್ಯಪಿನ ಸೆಟ್ಟಿಂಗಿನಲ್ಲಿ ಫೋನ್ ಮಾಡಿದವರ ಹೆಸರನ್ನು ಕೂಗಿ ಹೇಳುವ ಸೌಲಭ್ಯ ಇದೆ. ಯಾವಾಗಲೂ ಕೂಗಬೇಕೋ, ಹೆಡ್‌ಸೆಟ್ ಇದ್ದಾಗ ಮಾತ್ರವೋ, ಆರಿಸಿಕೊಳ್ಳಬಹುದು. ಸ್ಯಾಮ್‌ಸಂಗಿನಲ್ಲೂ ಇಂಥದ್ದಿದೆ. ಉಪಾಯ ಇರುವುದು ಹೆಸರಿನಲ್ಲಿ. ಪ್ರತಿ ಕಾಲ್ ಮುಗಿದ ಮೇಲೆ ಹೆಸರಿನ ಮುಂದೆ ಎರಡು ಮಾತು ಸೇರಿಸುತ್ತೇನೆ: "ಬ್ಯಾಂಕ್ ಮೇಡಂ ಬೋಟ್‌ನೆಕ್ ಲೈನಿಂಗ್ ತಂದಿಲ್ಲ." ಮುಂದಿನ ಸಲ ಫೋನ್ ಅದನ್ನೇ ಓದುತ್ತದೆ. ಲೈನಿಂಗ್ ತಂದುಕೊಟ್ಟರೆ ಅದನ್ನು ಅಳಿಸಿ "ಬುಧವಾರ" ಅಂತ ಹಾಕುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ನನ್ನ ಫೋನು ಕನ್ನಡವನ್ನು ಹರಕು ಮುರುಕು ಮಾಡಿತು. ಕನ್ನಡ ಅಕ್ಷರದಲ್ಲಿ ಬರೆದು, ಓದುವ ದನಿಯನ್ನೂ ಕನ್ನಡಕ್ಕೆ ಬದಲಾಯಿಸಿದ ಮೇಲೆ ಪರವಾಗಿಲ್ಲ, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರ ಕೇಳುತ್ತದೆ.

ಸೊಗಸಿನಲ್ಲಿ ನಾಲ್ಕರಲ್ಲಿ ಕೊನೆಗೆ ನಿಲ್ಲುವುದು ಇದೇ. ವೀಣೆಯ ಇಂಪಿಲ್ಲ, ಜಿಪ್ಪಿನ ಚುರುಕಿಲ್ಲ, ದನಿಯ ಜೀವವಿಲ್ಲ. ಆದರೆ ಹದಿನೈದು ಸೆಕೆಂಡಿನಲ್ಲಿ ಬದಲಾಗುವುದು ಇದೊಂದೇ. ಸೋಮಾರಿತನ ಮಾಡಿದರೆ ಇದೂ ಹಳಸುತ್ತದೆ, ಅದು ನನ್ನ ತಪ್ಪು. ವಾಟ್ಸಾಪ್ ಕಾಲ್ ಬಂದರೆ ಹೆಸರು ಕೂಗುವುದಿಲ್ಲ, ಅದು ದೊಡ್ಡ ಕೊರತೆ. ಅಂಗಡಿಯಲ್ಲಿ ಬೇರೆಯವರು ಕೂತಿರುತ್ತಾರೆ ಅಂತ ಯಾರ ಬಾಕಿ ಹಣವನ್ನೂ ಹೆಸರಿನಲ್ಲಿ ಬರೆಯುವುದಿಲ್ಲ. ಆ ಶನಿವಾರದ ಪಾಠ.

ಇನ್ನೊಂದು ಪಾಠ ಆಮೇಲೆ ಆಯಿತು. ಆರಿ ವರ್ಕ್ ಮಾಡುವ ಅಣ್ಣನ ಹೆಸರನ್ನು "ಆರಿ ಅಣ್ಣ ನಾಳೆ ಅಂದ್ರೆ ನಾಲ್ಕು ದಿನ" ಅಂತ ಇಟ್ಟುಕೊಂಡಿದ್ದೆ. ಒಬ್ಬ ಗಿರಾಕಿ ಅವರ ನಂಬರ್ ಕೇಳಿದರು, ವಾಟ್ಸಾಪಿನಲ್ಲಿ ಕಾಂಟ್ಯಾಕ್ಟ್ ಕಳಿಸಿದೆ. ಹೆಸರೂ ಜೊತೆಗೇ ಹೋಗುತ್ತದೆ ಅನ್ನುವುದು ತಲೆಗೇ ಬರಲಿಲ್ಲ. ಗಿರಾಕಿ ಅದನ್ನು ಅವರಿಗೇ ತೋರಿಸಿದ್ದಾರೆ. ಮಾರನೆಯ ದಿನ ಅಣ್ಣ ಬ್ಲೌಸ್ ತಂದು ಟೇಬಲ್ ಮೇಲಿಟ್ಟು, "ಒಂದೇ ದಿನಕ್ಕೆ ತಂದಿದೀನಿ, ಹೆಸರು ಬದಲಾಯ್ಸಿ" ಅಂದರು. ಬದಲಾಯಿಸಿದೆ.

ಮಾತನ್ನು ವೇಗ ಹೆಚ್ಚಿಸಿ ಸದ್ದಿನ ಹಾಗೆ ಮಾಡುವ ವಿದ್ಯೆಯೂ ಇದೆಯಂತೆ, ಸ್ಪಿಯರ್‌ಕಾನ್ ಅಂತ ಹೆಸರು, 2006ರದ್ದು. ಹುಡುಗನ ಒತ್ತಾಯಕ್ಕೆ ಎರಡು ದಿನ ಇಟ್ಟು ನೋಡಿದೆ. ಅಡಿಕೆ ಮಂಡಿಯಲ್ಲಿ ಹರಾಜು ಕೂಗಿದ ಹಾಗಿತ್ತು. ತೆಗೆದು ಹಾಕಿದೆ.

ದೀಪಾವಳಿ ಮುಗಿದ ಮೇಲೆ ಫೋನ್ ಬದಲಾಯಿಸಿದೆ. ನಂಬರು, ಹೆಸರು ಎಲ್ಲ ಬಂದವು, ಒಬ್ಬೊಬ್ಬರಿಗೆ ಇಟ್ಟಿದ್ದ ಟೋನು ಒಂದೂ ಬರಲಿಲ್ಲ. ಹಾಗಾಗಿ ಹೊಸ ಫೋನಿನಲ್ಲಿ ಯಾವುದು ನಿಜವಾಗಿ ಬೇಕೋ ಅಷ್ಟನ್ನೇ ಮತ್ತೆ ಹಾಕಿದೆ. ಗಿರಾಕಿಗಳಿಗೆಲ್ಲ ಹೆಸರು ಕೂಗುವುದು. ಲೆಕ್ಚರರ್ ಮೇಡಂಗೆ ಜಿಪ್, ಆಟೋ ಅಣ್ಣನಿಗೆ ಹಾರ್ನ್. ರಾಗ ಯಾರಿಗೂ ಇಲ್ಲ. ದನಿ ಒಂದೇ ಒಂದು, ಅಕ್ಕನದು, ಅವಳನ್ನು ಕೇಳಿಯೇ ಇಟ್ಟದ್ದು. ಕುಕ್ಕರ್ ತೆಗೆದು ಅವಳ ಒಂದು ವಾಯ್ಸ್ ಮೆಸೇಜಿನ ಮೊದಲ ಮೂರು ಸೆಕೆಂಡ್ ಹಾಕಿದ್ದೇನೆ: "ಊಟ ಆಯ್ತೇನೆ?" ಅದೇನು ಹಳಸುವ ಪ್ರಶ್ನೆಯಲ್ಲ. ಫೋನ್ ಎತ್ತಿದ ಮೇಲೂ ಅವಳು ಮೊದಲು ಕೇಳುವುದು ಅದನ್ನೇ. ಅತ್ತೆ ಈಗ ಒಳಗಿನಿಂದಲೇ "ಆಯ್ತು ಅನ್ನು" ಅಂತ ಉತ್ತರ ಕೊಡುತ್ತಾರೆ.