ಸಾಂಖಳಿ ದಾರಿಯ ಡೀಸೆಲ್ ಮಿಸ್ತ್ರಿ: ಮೊದಲು ಅಳತೆ, ಆಮೇಲೆ ಪಾನಾ

ಹಳೆಯ ಪಿಕಪ್ ಇಟ್ಟುಕೊಂಡು ಚೋರ್ಲಾ ಘಾಟ್ ಹತ್ತಿಳಿಯುವ ನಮ್ಮ ಬೆಳಗಾವಿ ಮಂದಿಗೆ ಈ ಗ್ಯಾರೇಜ್ ಗೊತ್ತಿರಲಿ. ಘಾಟ್ ಇಳಿದ ಮೇಲೆ ಗೋವಾದ ಕೇರಿ ಎಂಬ ಊರು ದಾಟಿ ಸಾಂಖಳಿಗೆ ಬರುವ ರಸ್ತೆಯಲ್ಲಿದೆ. ಬೋರ್ಡ್ ಇಲ್ಲ, ಎದುರಿಗೆ ಹಳೇ ಟಿಪ್ಪರ್ ಆಕ್ಸಲ್‌ಗಳು ಬಿದ್ದಿರುತ್ತವೆ. ಮಿಸ್ತ್ರಿ ಗದಗ ಕಡೆಯವರು.

ನನ್ನದು ಕಾಮನ್ ರೈಲ್ ಡೀಸೆಲ್ ಗಾಡಿ, ಹನ್ನೆರಡು ವರ್ಷ ಹಳೆಯದು. ಇದರಲ್ಲಿ ಹೈ ಪ್ರೆಶರ್ ಪಂಪ್ ಭಾರಿ ಒತ್ತಡದಲ್ಲಿ ಡೀಸೆಲನ್ನು 'ರೈಲ್' ಎಂಬ ಒಂದೇ ಕೊಳವೆಗೆ ತುಂಬುತ್ತದೆ, ಅಲ್ಲಿಂದ ಅದು ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಬೆಳಗಾವಿಯಿಂದ ಮಾಪ್ಸಾಕ್ಕೆ ಕಾಯಿಪಲ್ಲೆ ತರುತ್ತೇನೆ, ವಾಪಸ್ ಹೋಗುವಾಗ ತೆಂಗಿನಕಾಯಿ. ಇಳಿಯುವಾಗ ತಕರಾರಿಲ್ಲ. ಲೋಡ್ ತುಂಬಿ ಘಾಟ್ ಹತ್ತುವಾಗ ಮಾತ್ರ ಎರಡನೇ ಗೇರಿನಲ್ಲೂ ದಮ್ಮು ಹೋಗಿ, ಇಂಜಿನ್ ಲೈಟ್ ಹೊತ್ತಿ, ಗಾಡಿ ತೆವಳುತ್ತಿತ್ತು. ಬಂದ್ ಮಾಡಿ ಚಾಲೂ ಮಾಡಿದರೆ ಸ್ವಲ್ಪ ದೂರ ಸರಿ. ಬೇರೆ ಕಡೆ ತೋರಿಸಿದರೆ, ಬಾನೆಟ್ ಎತ್ತಿ ಇಣುಕಿದವರೇ ಹೈ ಪ್ರೆಶರ್ ಪಂಪ್ ಹೋಗಿದೆ ಎಂದು 45 ಸಾವಿರದ ಚೀಟಿ ಕೈಗಿಟ್ಟರು.

ಈ ಮಿಸ್ತ್ರಿ ಪಾನಾ (ಸ್ಪ್ಯಾನರ್) ಮುಟ್ಟಲೇ ಇಲ್ಲ. "ಪಂಪ್ ಬಿಚ್ಚೂದು ಕಡೀಗಿರ್ಲಿ ಮಾಲಕ್ರ, ಮೊದಲ ಅದಕ್ಕ ಡೀಸೆಲ್ ಮುಟ್ಟತೈತೋ ಇಲ್ಲೋ ನೋಡೂಣು" ಅಂದರು. ಸ್ಕ್ಯಾನರ್‌ನಲ್ಲಿ ಪಿ0087 ಎಂಬ ದೋಷದ ಕೋಡ್ ಬಂತು. ರೈಲಿನಲ್ಲಿ ಒತ್ತಡ ಕಡಿಮೆ ಎಂಬುದಷ್ಟೇ ಅದರ ಅರ್ಥ, ಕಾರಣ ಅದರಲ್ಲಿಲ್ಲ. ಈ ಕೋಡ್ ತೋರಿಸಿಯೇ ಎಷ್ಟು ಜನಕ್ಕೆ ಪಂಪ್ ಮಾರಿದ್ದಾರೋ! ಸ್ಕ್ಯಾನರ್ ತೊಡೆ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತು, ನನ್ನಿಂದಲೇ ಏರಿನ ಕಡೆ ಓಡಿಸಿದರು. ಐಡ್ಲಿಂಗಿನಲ್ಲಿ ಇಂಜಿನ್ನಿನ ಕಂಪ್ಯೂಟರ್ ಕೇಳಿದ್ದೂ ರೈಲಿಗೆ ಸಿಕ್ಕಿದ್ದೂ 300 ಬಾರ್ (ಒತ್ತಡದ ಅಳತೆ) ಆಸುಪಾಸು. ಏರಿನಲ್ಲಿ ಒತ್ತಿ ತುಳಿದಾಗ ಕೇಳಿದ್ದು 1,200, ಸಿಕ್ಕಿದ್ದು 800 ಚಿಲ್ಲರೆ. ನಿಂತ ಗಾಡಿ ಕುಡಿಯುವ ಡೀಸೆಲ್ ಎಷ್ಟು ಮಹಾ, ಕೊರತೆ ಬೀಳುವುದು ಲೋಡಿನಲ್ಲೇ.

ವಾಪಸ್ ಬಂದು ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪನ್ನು (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪ್) ನಾಲ್ಕು ಬಾಟಲಿಗೆ ಇಳಿಬಿಟ್ಟರು. ಯಾವುದಾದರೂ ಸವೆದಿದ್ದರೆ ಅದರ ಬಾಟಲಿ ಬೇಗ ತುಂಬುತ್ತದೆ, ಒತ್ತಡ ಅಲ್ಲೇ ಸೋರುತ್ತದೆ. ನಾಲ್ಕೂ ಒಂದೇ ಮಟ್ಟ. ಆಮೇಲೆ ಫಿಲ್ಟರ್ ಮತ್ತು ಪಂಪ್ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸಿ ರೇಸ್ ಕೊಟ್ಟರು. ಸಾಲುಸಾಲು ಗುಳ್ಳೆ!

ನನ್ನ ಗಾಡಿಯ ಟ್ಯಾಂಕಿನಲ್ಲಿ ಮೋಟಾರ್ ಇಲ್ಲ, ಮುಂದಿನ ಪಂಪೇ ಡೀಸೆಲ್ ಎಳೆದುಕೊಳ್ಳಬೇಕು. ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ, ಪೈಪ್ ಸೀಳಿದರೆ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕೆಳಗೆ ತೊಟ್ಟಿಕ್ಕಿದ ಗುರುತೇ ಇಲ್ಲದೆ ಯಾರಿಗೂ ಸಂಶಯ ಬಂದಿರಲಿಲ್ಲ. ಟ್ಯಾಂಕಿನ ಹತ್ತಿರ ಕ್ಲಿಪ್ಪಿನಡಿ ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ಫಿಲ್ಟರ್ ತಳದಲ್ಲಿ ನೀರು ಬೇರೆ. ಗೋವಾದ ಮಳೆಗಾಲ ಕೇಳಬೇಕೆ. ಈ ಪಂಪಿಗೆ ಡೀಸೆಲ್ಲೇ ಎಣ್ಣೆ ಇದ್ದ ಹಾಗೆ. ಗಾಳಿ, ನೀರು ಕುಡಿಸಿಕೊಂಡೇ ಓಡಿಸಿದ್ದರೆ ಪಂಪ್ ನಿಜವಾಗಿಯೂ ಹೋಗಿ, ಅದರ ಲೋಹದ ಪುಡಿ ಇಂಜೆಕ್ಟರ್‌ಗಳಿಗೂ ನುಗ್ಗುತ್ತಿತ್ತು.

ನನಗೆ ಹಿಡಿಸಿದ ಇನ್ನೊಂದು ಸಂಗತಿ: ಇಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವ ಹಳೇ ಪದ್ಧತಿ ಇಲ್ಲಿ ಇಲ್ಲವೇ ಇಲ್ಲ. ಹುಡುಗನೊಬ್ಬ ಕೈ ಹಾಕಲು ಹೋದಾಗ ಮಿಸ್ತ್ರಿ ಬೈದದ್ದು ರಸ್ತೆಗೆ ಕೇಳಿತು. ಆ ಒತ್ತಡದ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳೇ ಕಳೆದುಕೊಳ್ಳಬೇಕಾದೀತು.

ಪೈಪ್, ಕ್ಲಿಪ್, ಫಿಲ್ಟರ್, ಮಜೂರಿ, ಪರೀಕ್ಷೆಯ ಖರ್ಚು ಸೇರಿ 2,900 ರೂಪಾಯಿ. ಈಗ ಅದೇ ಲೋಡಿನಲ್ಲಿ ಘಾಟ್ ಹತ್ತಿ ಮೇಲಿನ ಕಣಕುಂಬಿವರೆಗೂ ಲೈಟ್ ಹೊತ್ತುವುದಿಲ್ಲ.

ಕೊರತೆಗಳೂ ಇವೆ. ಫೋನ್ ಎತ್ತುವುದಿಲ್ಲ. ಪಕ್ಕಾ ಬಿಲ್ ಕೇಳಿದರೆ ಮುಖ ಸಣ್ಣದಾಗುತ್ತದೆ. ಪಂಪ್ ಬಿಚ್ಚಿ ಬೆಂಚಿಗೆ ಹಾಕಿ ಪರೀಕ್ಷಿಸುವ ಯಂತ್ರ ಇಲ್ಲ, ಅದಕ್ಕೆ ಬೇರೆ ಕಡೆ ಕಳಿಸುತ್ತಾರೆ. ನಿಲ್ಲಿಸಲು ಜಾಗ ಎರಡು ಗಾಡಿಗಷ್ಟೇ, ಹಾಗಾಗಿ ಮಾಲು ಇಳಿಸಿ ಬೆಳಿಗ್ಗೆ ಬೇಗ ಹೋಗಿ, ಫಿಲ್ಟರ್ ನೀವೇ ಒಯ್ಯಿರಿ.