ಆಫ್‌ಲೈನ್ ಅಪ್‌ಡೇಟ್‌ನಲ್ಲಿ ಹ್ಯಾಶ್ ಹೊಂದದಿದ್ದಾಗ: ನಾನೇ ಮಾಡಿ ನೋಡಿದ ದಾರಿಗಳು

ಮಳೆಗಾಲದಲ್ಲಿ ಜಾಂಬೋಟಿ ಕಡೆ ನೆಟ್ ನಂಬಿಕೊಂಡು ಕೆಲಸಕ್ಕೆ ಕೂಡುವ ಹಾಗಿಲ್ಲ. ಅಲ್ಲಿನ ಒಂದು ಹೈಸ್ಕೂಲ್ ಲ್ಯಾಬ್‌ನ ಹನ್ನೊಂದು ಕಂಪ್ಯೂಟರ್ ನಾನು ನೋಡಿಕೊಳ್ಳುತ್ತೇನೆ. ಒಂಬತ್ತರಲ್ಲಿ ವಿಂಡೋಸ್ 10, ಎರಡರಲ್ಲಿ ಇನ್ನೂ ವಿಂಡೋಸ್ 7. ಬೆಳಗಾವಿಯ ನಮ್ಮ ಮನೆಯಲ್ಲಿ ಡಬ್ಲ್ಯುಎಸ್‌ಯುಎಸ್ ಆಫ್‌ಲೈನ್ ಅಪ್‌ಡೇಟ್ ಅನ್ನೋ ಟೂಲ್ (ವಿಂಡೋಸ್ ಅಪ್‌ಡೇಟ್‌ಗಳನ್ನು ಒಂದು ಕಡೆ ಇಳಿಸಿ, ನೆಟ್ ಇಲ್ಲದ ಕಂಪ್ಯೂಟರ್‌ಗೆ ಹಾಕಲು) ಹಾಕಿ ಎಲ್ಲಾ ಅಪ್‌ಡೇಟ್ ಇಳಿಸಿಕೊಂಡು, ಪೆನ್ ಡ್ರೈವ್‌ಗೆ ಕಾಪಿ ಮಾಡಿ, ಚೋರ್ಲಾ ರೋಡಿನ ಬಸ್ ಹತ್ತುವುದು ನನ್ನ ರೂಢಿ.

2024ರ ಜುಲೈನಲ್ಲಿ ಹೋದಾಗ ಮೂರನೇ ಕಂಪ್ಯೂಟರ್‌ನಲ್ಲೇ ನಿಂತಿತು. ಒಂದು ಫೈಲ್‌ನ ಹ್ಯಾಶ್ ಪಟ್ಟಿಯಲ್ಲಿದ್ದದ್ದಕ್ಕೆ ಹೊಂದುತ್ತಿಲ್ಲ ಅಂತ ಸಂದೇಶ. ಹ್ಯಾಶ್ ಅಂದರೆ ಫೈಲ್ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಒಂದು ಅಕ್ಷರಗಳ ಸಾಲು; ಫೈಲ್ ಚೂರು ಬದಲಾದರೂ ಅದು ಬದಲಾಗುತ್ತದೆ. ಪಕ್ಕದಲ್ಲಿದ್ದ ಮೇಷ್ಟ್ರು, "ಸರ್, ಆ ವೆರಿಫೈ ಟಿಕ್ ತಗದ್ ಬಿಡ್ರಿ, ಹುಡುಗೂರು ಕಾಯಾಕತ್ತಾರ" ಅಂದರು. ಟಿಕ್ ತೆಗೆದಿದ್ದರೆ ಆ ಕ್ಷಣಕ್ಕೆ ಕೆಲಸ ಮುಂದೆ ಹೋಗುತ್ತಿತ್ತು, ಆದರೆ ಹಾಳಾದ ಫೈಲನ್ನು ಹನ್ನೊಂದು ಕಂಪ್ಯೂಟರ್‌ಗೆ ಹಂಚಿ ಬಂದಂತೆ ಆಗುತ್ತಿತ್ತು. ತೆಗೆಯಲಿಲ್ಲ. ಅವತ್ತು ಬರಿಗೈಯಲ್ಲಿ ವಾಪಸ್ ಬಂದೆ. ಆಮೇಲಿನ ಎರಡು ವಾರ ಫೈಲ್ ಪರೀಕ್ಷೆ ಮಾಡುವ ದಾರಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ.

ಮೊದಲು ಟೂಲ್ ಒಳಗೇ ಇರುವ ಪರೀಕ್ಷೆ. ಇದು ಹ್ಯಾಶ್‌ಡೀಪ್ ಅನ್ನೋ ಪ್ರೋಗ್ರಾಂ ಬಳಸುತ್ತದೆ. ಇಳಿಸಿದ ಫೈಲ್‌ಗಳ ಹ್ಯಾಶ್ ಲೆಕ್ಕ ಹಾಕಿ, ಕ್ಲೈಂಟ್ ಫೋಲ್ಡರ್ ಒಳಗಿನ ಎಂಡಿ ಫೋಲ್ಡರ್‌ನಲ್ಲಿ ಪಠ್ಯದ ಫೈಲ್ ಆಗಿ ಬರೆದಿಡುತ್ತದೆ. ಮುಂದಿನ ಸಲ ಡೌನ್‌ಲೋಡ್ ಶುರು ಮಾಡುವಾಗಲೂ, ಇನ್‌ಸ್ಟಾಲ್ ಮಾಡುವಾಗಲೂ ಅದೇ ಪಟ್ಟಿಗೆ ತಾಳೆ ನೋಡುತ್ತದೆ. ತುಂಬ ಜನ ತಪ್ಪು ತಿಳಿದುಕೊಳ್ಳುವುದು ಇಲ್ಲೇ. ಆ ಪಟ್ಟಿ ಮೈಕ್ರೋಸಾಫ್ಟ್ ಕೊಟ್ಟದ್ದಲ್ಲ. ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ, ನಾವು ಇಳಿಸಿದ ಫೈಲ್ ನೋಡಿ, ಟೂಲ್ ತಾನೇ ಬರೆದುಕೊಂಡದ್ದು. ಹಾಗಾಗಿ ಹ್ಯಾಶ್ ಹೊಂದದಿದ್ದರೆ ಫೈಲ್ ಹಾಳಾಗಿರಬಹುದು, ಇಲ್ಲಾ ಪಟ್ಟಿಯೇ ಹಳೆಯದಾಗಿರಬಹುದು.

ನನಗೆ ಎರಡೂ ಆಗಿವೆ. ಒಮ್ಮೆ ಡೌನ್‌ಲೋಡ್ ನಡುವೆ ಕರೆಂಟ್ ಹೋಯಿತು. ಹೊಸ ಫೈಲ್ ಬಂದು ಕೂತಿತ್ತು, ಪಟ್ಟಿ ಮಾತ್ರ ಹಳೆಯದೇ ಉಳಿದಿತ್ತು. ಇಂಥ ಹೊತ್ತಿಗೆ ಎಲ್ಲರೂ ಹೇಳುವ ಉಪಾಯ ಒಂದೇ: ಎಂಡಿ ಫೋಲ್ಡರ್‌ನ ಪಟ್ಟಿ ಅಳಿಸಿ, ಮತ್ತೆ ಓಡಿಸು. ಎರರ್ ಹೋಗುತ್ತದೆ, ನಿಜ. ಆದರೆ ಪಟ್ಟಿ ಅಳಿಸಿದರೆ ಟೂಲ್ ಈಗ ಇರೋ ಫೈಲನ್ನೇ ಸರಿ ಅಂದುಕೊಂಡು ಹೊಸ ಪಟ್ಟಿ ಬರೆಯುತ್ತದೆ. ಫೈಲ್ ಕೆಟ್ಟದ್ದಾಗಿದ್ದರೆ ಕೆಟ್ಟ ಫೈಲ್‌ನ ಹ್ಯಾಶೇ ಅದರಲ್ಲಿ ಕೂರುತ್ತದೆ, ಅಲ್ವಾ? ಅದಕ್ಕೇ ಪಟ್ಟಿ ಅಳಿಸುವವರು ದಯವಿಟ್ಟು ಡೌನ್‌ಲೋಡ್ ಕಡೆಯ ವೆರಿಫೈ ಟಿಕ್ ಹಾಗೇ ಇಟ್ಟು ಓಡಿಸಿ. ಹಾಗೆ ಇಟ್ಟರೆ ಹೊಸ ಪಟ್ಟಿ ಬರೆಯುವ ಮೊದಲು ಸಿಗ್‌ಚೆಕ್ ಪ್ರೋಗ್ರಾಂ ಡಿಜಿಟಲ್ ಸಹಿ, ಅಂದರೆ ಫೈಲ್ ಯಾರು ಮಾಡಿದ್ದು ಅನ್ನೋ ಗುರುತು, ನೋಡುತ್ತದೆ. ನಾನಂತೂ ಅನುಮಾನ ಬಂದ ಫೈಲನ್ನೂ ಪಟ್ಟಿಯ ಜೊತೆ ಅಳಿಸಿಬಿಡುತ್ತೇನೆ. ಮತ್ತೆ 700 ಎಂಬಿ ಇಳಿಸುವುದು ಬೇಜಾರಿನ ಕೆಲಸ, ಆದರೂ.

ಎರಡನೆಯದು ವಿಂಡೋಸ್‌ನಲ್ಲೇ ಇರುವ, ಫೈಲ್‌ನ ಹ್ಯಾಶ್ ಲೆಕ್ಕ ಹಾಕಿ ಕೊಡುವ ಸರ್ಟ್‌ಯುಟಿಲ್ ಕಮಾಂಡ್. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಎಲ್ಲಾ ಕಂಪ್ಯೂಟರ್‌ನಲ್ಲೂ ಇರುತ್ತದೆ, ನೆಟ್ ಬೇಡ. ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಅಂತ ಇನ್ನೊಂದಿದೆ, ಅದೂ ಒಳ್ಳೆಯದೇ. ಒಂದು ವ್ಯತ್ಯಾಸ ನೆನಪಿಡಿ: ಏನೂ ಹೇಳದಿದ್ದರೆ ಸರ್ಟ್‌ಯುಟಿಲ್ ಎಸ್‌ಎಚ್‌ಎ-1 ಲೆಕ್ಕ ಕೊಡುತ್ತದೆ, ಪವರ್‌ಶೆಲ್ ಎಸ್‌ಎಚ್‌ಎ-256 ಕೊಡುತ್ತದೆ. ಇವು ಹ್ಯಾಶ್ ಲೆಕ್ಕ ಹಾಕುವ ಎರಡು ಬೇರೆ ಬೇರೆ ವಿಧಾನ. ಮೊದಲನೆಯದು 40 ಅಕ್ಷರ, ಎರಡನೆಯದು 64. ಎರಡನ್ನೂ ಅಕ್ಕಪಕ್ಕ ಇಟ್ಟು ಫೈಲ್ ಹಾಳು ಅಂದುಕೊಂಡವರನ್ನು ನೋಡಿದ್ದೇನೆ.

ಸರ್ಟ್‌ಯುಟಿಲ್ ನನಗೆ ಇಷ್ಟ ಆಗಿದ್ದಕ್ಕೆ ಇನ್ನೊಂದು ಕಾರಣ ಇದೆ. ಮೈಕ್ರೋಸಾಫ್ಟ್ ಅಪ್‌ಡೇಟ್ ಫೈಲ್‌ನ ಉದ್ದನೆಯ ಹೆಸರು ನೋಡಿದ್ದೀರಲ್ಲ, ಕೆಬಿ ನಂಬರ್ (ಮೈಕ್ರೋಸಾಫ್ಟ್ ಅಪ್‌ಡೇಟ್‌ಗೆ ಕೊಡುವ ಗುರುತಿನ ಸಂಖ್ಯೆ), ಎಕ್ಸ್64, ಆಮೇಲೆ ಅಂಡರ್‌ಸ್ಕೋರ್, ಅದರ ಹಿಂದೆ ಅರ್ಥವಾಗದ 40 ಅಕ್ಷರಗಳ ಸಾಲು. ಆ ಸಾಲು ಆ ಫೈಲ್‌ನ ಎಸ್‌ಎಚ್‌ಎ-1 ಹ್ಯಾಶ್! ಅಂದರೆ ಫೈಲ್ ತನ್ನ ಗುರುತನ್ನು ಹೆಸರಿನಲ್ಲೇ ಹೊತ್ತು ತಿರುಗುತ್ತದೆ. ಪಟ್ಟಿ ಕೆಟ್ಟಿದೆಯೋ ಫೈಲ್ ಕೆಟ್ಟಿದೆಯೋ ಅನ್ನೋ ಜಗಳ ಇಲ್ಲಿಗೆ ಮುಗಿಯಿತು. ಸರ್ಟ್‌ಯುಟಿಲ್ ಓಡಿಸಿ, ಬಂದ ಸಾಲನ್ನು ಹೆಸರಿನ ಬಾಲಕ್ಕೆ ಹೋಲಿಸಿದರೆ ಆಯಿತು. ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. 2017ರಲ್ಲೇ ಒಂದೇ ಎಸ್‌ಎಚ್‌ಎ-1 ಬರುವ ಎರಡು ಬೇರೆ ಬೇರೆ ಫೈಲ್ ಮಾಡಿ ತೋರಿಸಿದ್ದಾರೆ, ಹಾಗಾಗಿ ಬೇಕಂತಲೇ ಫೈಲ್ ತಿದ್ದಿದವರನ್ನು ಹಿಡಿಯಲು ಇದನ್ನು ನಂಬಬೇಡಿ. ಕಾಪಿ ಸರಿಯಾಯಿತೇ ಅಂತ ನೋಡಲು ಧಾರಾಳವಾಗಿ ಸಾಕು.

ಜಾಂಬೋಟಿಯ ಸಮಸ್ಯೆಯ ಮೂಲ ಸಿಕ್ಕಿದ್ದು ಇದರಿಂದಲೇ. ಮನೆಯ ಹಾರ್ಡ್ ಡಿಸ್ಕ್‌ನಲ್ಲಿದ್ದ ಫೈಲ್ ಹೆಸರಿಗೆ ಹೊಂದಿತು. ಪೆನ್ ಡ್ರೈವ್‌ಗೆ ಕಾಪಿ ಮಾಡಿ ಅಲ್ಲೇ ನೋಡಿದೆ, ಅದೂ ಹೊಂದಿತು. ತಲೆ ಕೆರೆದುಕೊಂಡು ಕೂತೆ. ಆಮೇಲೆ ಪೆನ್ ಡ್ರೈವ್ ಇಜೆಕ್ಟ್ ಮಾಡಿ, ಕಿತ್ತು, ಮತ್ತೆ ಚುಚ್ಚಿ ನೋಡಿದರೆ ಹ್ಯಾಶ್ ಬೇರೆ! ಆಗಿದ್ದು ಇಷ್ಟು: ಆಗ ತಾನೇ ಕಾಪಿ ಮಾಡಿದ ಫೈಲನ್ನು ವಿಂಡೋಸ್ ರ್‍ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ನಾವು ಹ್ಯಾಶ್ ಕೇಳಿದಾಗ ಅಲ್ಲಿಂದಲೇ ಓದಿ ಹೇಳುತ್ತದೆ, ಪೆನ್ ಡ್ರೈವ್‌ನ ಚಿಪ್ಪನ್ನು ಮುಟ್ಟುವುದೇ ಇಲ್ಲ. ಕಿತ್ತು ಚುಚ್ಚಿದ ಮೇಲೆ ಮಾತ್ರ ನಿಜವಾಗಿ ಬರೆದದ್ದು ಏನು ಅಂತ ಓದುತ್ತದೆ. ಅನುಮಾನ ಬಂದು ಎಚ್2ಟೆಸ್ಟ್‌ಡಬ್ಲ್ಯು ಅನ್ನೋ ಸಣ್ಣ ಪ್ರೋಗ್ರಾಂನಿಂದ ಆ 64 ಜಿಬಿ ಪೆನ್ ಡ್ರೈವ್ ಪೂರ್ತಿ ತುಂಬಿಸಿ ಓದಿಸಿದೆ. ಒಂದಿಷ್ಟು ಭಾಗ ಕೆಟ್ಟೇ ಹೋಗಿತ್ತು. ಅದನ್ನು ಅವತ್ತೇ ಎತ್ತಿಟ್ಟೆ.

ಮೂರನೆಯದು 7-ಜಿಪ್. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಆರ್‌ಸಿ ಎಸ್‌ಎಚ್‌ಎ ಅಂತ ಮೆನು ಬರುತ್ತದೆ. ಇಡೀ ಫೋಲ್ಡರ್‌ಗೆ ಸೇರಿ ಹ್ಯಾಶ್‌ಗಳ ಒಂದೇ ಮೊತ್ತ ಕೊಡುತ್ತದೆ, ಫೈಲ್ ಎಷ್ಟಿವೆ, ಗಾತ್ರ ಎಷ್ಟು ಅನ್ನೋದನ್ನೂ ಹೇಳುತ್ತದೆ. ಮನೆಯಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಒಂದು ತೆಗೆದು, ಎರಡೂ ಒಂದೇ ಇದ್ದರೆ ಮುಗಿಯಿತು. ನನ್ನ 14 ಜಿಬಿ ಫೋಲ್ಡರ್‌ಗೆ ಹಳೆಯ ಯುಎಸ್‌ಬಿ ಪೋರ್ಟ್‌ನಲ್ಲಿ ಒಂಬತ್ತು ನಿಮಿಷ ಹಿಡಿಯಿತು. ಕಮಾಂಡ್ ಅಂದರೆ ಹೆದರುವ ಮೇಷ್ಟ್ರಿಗೆ ನಾನು ಕಲಿಸಿದ್ದು ಇದನ್ನೇ. ಕೊರತೆ ಅಂದರೆ, ಮೊತ್ತ ಹೊಂದದಿದ್ದರೆ ಯಾವ ಫೈಲ್ ತಪ್ಪು ಅಂತ ಆ ಒಂದು ಮೊತ್ತ ಹೇಳುವುದಿಲ್ಲ.

ಟೆರಾಕಾಪಿಯನ್ನೂ ಹಾಕಿ ನೋಡಿದೆ. ಕಾಪಿ ಮಾಡಿ, ತಾನೇ ಮತ್ತೆ ಓದಿ, ತಪ್ಪಿದ ಫೈಲ್‌ನ ಹೆಸರು ತೋರಿಸುತ್ತದೆ. ಚೆನ್ನಾಗಿದೆ. ನಾನಂತೂ ಅದು ಮುಗಿದ ಮೇಲೂ ಒಮ್ಮೆ ಕಿತ್ತು ಚುಚ್ಚಿ ನೋಡುತ್ತೇನೆ.

ಡಿಜಿಟಲ್ ಸಹಿಯ ಲೆಕ್ಕವೇ ಬೇರೆ. ಹ್ಯಾಶ್ ಹೇಳುವುದು ಫೈಲ್ ಬದಲಾಗಿಲ್ಲ ಅಂತ ಅಷ್ಟೇ. ಯಾರು ಮಾಡಿದ್ದು ಅಂತ ಹೇಳುವುದು ಸಹಿ. ಪ್ರಾಪರ್ಟೀಸ್ ತೆರೆದು ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ನೋಡಿದರೂ ಆಗುತ್ತದೆ, ಸಿಗ್‌ಚೆಕ್‌ನಿಂದ ಇಡೀ ಫೋಲ್ಡರ್ ಒಮ್ಮೆಲೇ ನೋಡಿದರೂ ಆಗುತ್ತದೆ. ಫೈಲ್ ಬೇರೆಯವರ ಕೈಯಿಂದ ಬಂದಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಹ್ಯಾಶ್ ಪಟ್ಟಿಯನ್ನೂ ಅವರೇ ಕೊಟ್ಟಿದ್ದರೆ ಅದನ್ನು ಯಾಕೆ ನಂಬಬೇಕು?

ಆದರೆ ಸಹಿ ಪರೀಕ್ಷೆ ಫೈಲ್ ಸರಿ ಇದ್ದಾಗಲೂ ತಪ್ಪು ಅನ್ನುವ ಎರಡು ಸಂದರ್ಭ ಆ ಲ್ಯಾಬ್‌ನಲ್ಲೇ ಸಿಕ್ಕವು. ಒಂದು ಕಂಪ್ಯೂಟರ್‌ನ ಮದರ್‌ಬೋರ್ಡ್ ಸೆಲ್ ಸತ್ತು ತಾರೀಕು 2009ಕ್ಕೆ ಹೋಗಿತ್ತು. ಸಹಿಯ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲದ ಕಾಲ ಅದು, ಒಪ್ಪುವುದಾದರೂ ಹೇಗೆ. ಹೊಸ ಸಿಆರ್2032 ಸೆಲ್ ಹಾಕಿ ತಾರೀಕು ಸರಿ ಮಾಡಿದ ಕೂಡಲೇ ಅದೇ ಫೈಲ್ ಪಾಸಾಯಿತು.

ಇನ್ನೊಂದು ವಿಂಡೋಸ್ 7ರದ್ದು. ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದರಿಂದ, 2020ರ ಜನವರಿ 14ಕ್ಕೆ ಬೆಂಬಲ ನಿಲ್ಲುವವರೆಗೆ ಬಂದ ಅಪ್‌ಡೇಟ್‌ಗಳನ್ನಾದರೂ ಹಾಕೋಣ ಅಂತ ಕೂತಿದ್ದೆ. 2019ರ ನಡುವಿನಿಂದ ಬಂದ ಅಪ್‌ಡೇಟ್‌ಗಳಿಗೆ ಎಸ್‌ಎಚ್‌ಎ-2 (ಎಸ್‌ಎಚ್‌ಎ-256 ಸೇರಿದ ಹೊಸ ಗುಂಪು) ಸಹಿ ಮಾತ್ರ ಇದೆ, ಹೊಸದಾಗಿ ಹಾಕಿದ ವಿಂಡೋಸ್ 7ಗೆ ಅದನ್ನು ಓದಲು ಬರುವುದಿಲ್ಲ. ಫೈಲನ್ನು ಮೂರು ಸಲ ಇಳಿಸಿದರೂ ಅದೇ ಎರರ್. ಸರ್ವಿಸ್ ಪ್ಯಾಕ್ 1 ಇದೆಯೇ ನೋಡಿಕೊಂಡು, ಆ ಸಹಿ ಓದಲು ಬೇಕಾದ ಎರಡು ಅಪ್‌ಡೇಟ್‌ಗಳನ್ನು, ಮೊದಲು ಕೆಬಿ 4490628, ಆಮೇಲೆ ಕೆಬಿ 4474419, ಕೈಯಿಂದ ಹಾಕಿ ರೀಸ್ಟಾರ್ಟ್ ಮಾಡಿದೆ. ಉಳಿದವು ತಾವಾಗಿಯೇ ಕೂರತೊಡಗಿದವು.

ಈಗ ಜಾಂಬೋಟಿಗೆ ಹೊರಡುವ ಹಿಂದಿನ ರಾತ್ರಿ ಟೂಲ್‌ನ ವೆರಿಫೈ ಟಿಕ್ ಇಟ್ಟೇ ಡೌನ್‌ಲೋಡ್ ಮಾಡುತ್ತೇನೆ, ಪೆನ್ ಡ್ರೈವ್ ಕಿತ್ತು ಚುಚ್ಚಿ 7-ಜಿಪ್ ಮೊತ್ತ ತೆಗೆಯುತ್ತೇನೆ, ಹೊಂದದಿದ್ದರೆ ಮಾತ್ರ ಸರ್ಟ್‌ಯುಟಿಲ್‌ನಿಂದ ಒಂದೊಂದೇ ಫೈಲ್ ನೋಡುತ್ತೇನೆ. ಮೊತ್ತದ ಮೊದಲ ಎಂಟು ಅಕ್ಷರ ಚೀಟಿಯಲ್ಲಿ ಬರೆದು ಪೆನ್ ಡ್ರೈವ್ ಡಬ್ಬಿಯಲ್ಲೇ ಹಾಕುತ್ತೇನೆ. ಕಳೆದ ಸಲ ನಾನು ಚೀಲ ಇಳಿಸುವ ಮೊದಲೇ ಮೇಷ್ಟ್ರು ಕೈ ಚಾಚಿ, "ಚೀಟಿ ಕೊಡ್ರಿ ಸರ್, ನಾ ತಾಳಿ ನೋಡ್ತೀನಿ" ಅಂದರು.